ಅಡ್ಡಗಾಳಿ

ಸೋಂಬೋರ್
ಮಾರ್ಚ್ 17, ಭಾನುವಾರ

ನನ್ನ ಮುದ್ದಿನ ಸೊಸೆ ತಿಯಾನಾ,

ಹೇಗಿದ್ದೀಯಾ ಮಗಳೇ? ನಿದ್ದೆ ಬರುತ್ತಿದೆಯೇ? ಹೊಸ ಮಾತ್ರೆಯಿಂದ ಬಾಯಿ ಒಣಗುತ್ತದಂತೆ, ಓಗ್ನೆನ್ ಹೇಳಿದ. ನೀರು ಕುಡಿಯುತ್ತಿರು. ಫೋನ್ ಎತ್ತುವುದೂ ನಿನಗೆ ಭಾರವಾಗಿದೆ ಎಂದು ಗೊತ್ತು, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಗಂಟೆ ಬಾರಿಸುವುದಿಲ್ಲ, ಉತ್ತರ ಕೊಡು ಎಂದು ಪೀಡಿಸುವುದೂ ಇಲ್ಲ. ಅರ್ಧ ಓದಿ ದಿಂಬಿನ ಕೆಳಗಿಟ್ಟರೂ ನನಗೆ ಬೇಸರವಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಎಂದಿನಂತೆ ಗೊಣಗುತ್ತಿದೆ.

ನಿನ್ನ ಗಂಡ ಓಗ್ನೆನ್ ದುನ್ಯಾಳಿಗೆ ಜಡೆ ಹೆಣೆಯಲು ಕಲಿತಿದ್ದಾನೆ. ಬಸ್ಸಿನ ಇಂಜಿನ್ ಬಿಚ್ಚಿ ಜೋಡಿಸುವ ಕೈ ತಾನೇ, ಜಡೆಯೂ ಹಾಗೇ ಇರುತ್ತದೆ, ಬಿಗಿಯಾಗಿ, ತುಸು ವಾರೆಯಾಗಿ. "ಅಪ್ಪಾ, ಸ್ವಲ್ಪ ಬೋಲ್ಟ್ ಸಡಿಲ ಮಾಡು" ಎನ್ನುತ್ತಾಳೆ ನಿನ್ನ ಮಗಳು. ಮೊನ್ನೆ ಎದುರುಮನೆಯ ರಾಡೋಯ್ಕಾ ಬಂದು, ಒಳ್ಳೆಯ ಗಂಡ, ಮುತ್ತಿನಂಥ ಮಗು, ನಿಮ್ಮ ಸೊಸೆಗೆ ಇನ್ನೇನು ಕೊರತೆ ಎಂದು ಶುರು ಮಾಡಿದಳು. ನನಗೆ ರೇಗಿತು. "ಅವಳಿಗೆ ಖಿನ್ನತೆ ಅನ್ನೋ ಕಾಯಿಲೆ ಕಣೇ. ನಿನಗೆ ಸಕ್ಕರೆ ಕಾಯಿಲೆ ಬಂದಾಗ ಏನು ಕೊರತೆ ಅಂತ ನಾನು ಕೇಳಿದ್ನಾ?" ಎಂದೆ. ಮುಖ ಊದಿಸಿಕೊಂಡು ಹೋದವಳು ಮರುದಿನ ಬೆಳಿಗ್ಗೆ ಗಸಗಸೆ ತುಂಬಿದ ಸುರುಳಿ ರೊಟ್ಟಿ ತಂದುಕೊಟ್ಟಳು. ನಿನಗೂ ಒಂದು ತುಂಡು ಎತ್ತಿಟ್ಟಿದ್ದೇನೆ.

ಗುರುವಾರ ನಾವು ನೋವಿ ಸಾದ್‌ಗೆ ಬಂದು ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿದ ಮೇಲೆ ಡಾಕ್ಟರಮ್ಮ ನನ್ನನ್ನೂ ಓಗ್ನೆನ್‌ನನ್ನೂ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು. ನಾನು ಬಾಯಿ ಬಿಡದೆ ಇರುವವಳೇ? ರಕ್ತ ನೋಡಿದಿರಿ, ತಲೆ ನೋಡಿದಿರಿ, ಅಡ್ಡಗಾಳಿಯ ವಿಷಯ ಯಾರಾದರೂ ನೋಡಿದಿರಾ ಎಂದು ಕೇಳಿಯೇಬಿಟ್ಟೆ. ಒದ್ದೆ ಕೂದಲು ಬಿಟ್ಟುಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದಳು, ಎದುರಿಗೆ ಬಾಗಿಲೂ ತೆಗೆದಿರುತ್ತಿತ್ತು, ಎರಡರ ನಡುವೆ ಹಾಯುವ ಗಾಳಿ ಸೋಕಿದರೆ ಕಾಯಿಲೆ ಬರದೆ ಇರುತ್ತದೆಯೇ ಎಂದೆ. ಓಗ್ನೆನ್ ನಾಚಿಕೆಯಿಂದ ನೆಲ ನೋಡಿದ. ಡಾಕ್ಟರಮ್ಮ ನಗಲಿಲ್ಲ. ಇದು ಗಾಳಿಯಿಂದ ಬರುವುದಲ್ಲ, ಸೋಮಾರಿತನವೂ ಅಲ್ಲ, ಯಾರ ತಪ್ಪೂ ಅಲ್ಲ ಎಂದು ನಿಧಾನವಾಗಿ ವಿವರಿಸಿದರು. ಮಾತ್ರೆ ಕೆಲಸ ಮಾಡಲು ವಾರಗಳೇ ಬೇಕಂತೆ, ಜೊತೆಗೆ ಅವರ ಬಳಿ ಕೂತು ಮಾತಾಡುವುದೂ ಔಷಧಿಯೇ ಅಂತೆ. ಅಷ್ಟರಲ್ಲಿ ನರ್ಸ್ ಬಾಗಿಲು ತೆಗೆದಳು. ಗಾಳಿ ನುಗ್ಗಿತು ನೋಡು, ಡಾಕ್ಟರಮ್ಮ ಥಟ್ಟನೆ ಎದ್ದು ತಮ್ಮ ಬೆನ್ನ ಹಿಂದಿನ ಕಿಟಕಿ ಮುಚ್ಚಿದರು! ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಏನು ಮಾಡಲಿ, ಅಮ್ಮ ಕಲಿಸಿದ್ದು ಎಂದರು. ಹೊರಡುವಾಗ ನನ್ನ ಕೈ ಹಿಡಿದು, "ಖುಷಿಯಾಗಿರು ಅಂತ ಅವಳಿಗೆ ಹೇಳ್ಬೇಡಿ. ಪಕ್ಕದಲ್ಲಿ ಕೂತು ಕಾಳು ಆರಿಸ್ತಿರಿ, ಅಷ್ಟು ಸಾಕು" ಎಂದರು.

ಊರಿಗೆ ಬಂದು ರಾಡೋಯ್ಕಾಳ ಮನೆಯಿಂದ ದುನ್ಯಾಳನ್ನು ಕರೆತಂದೆ. ನಾನು ಸಾರಿಗಿಟ್ಟು ತಿರುಗಿ ನೋಡುತ್ತೇನೆ, ಮಗು ಕೋಟು ಕೂಡ ಬಿಚ್ಚದೆ ಕಿಟಕಿಯಿಂದ ಕಿಟಕಿಗೆ ಹೋಗಿ ಸಂದಿಗೆಲ್ಲ ಟವೆಲ್ ತುರುಕುತ್ತಿದೆ. ಏನು ಮಾಡುತ್ತಿದ್ದೀಯೇ ಎಂದು ಕೇಳಿದ್ದಕ್ಕೆ ನನ್ನ ಕಿವಿಯ ಹತ್ತಿರ ಬಂದಳು. "ಅವತ್ತು ಕಿಟಕಿ ತೆಗೆದಿಟ್ಟಿದ್ದು ನಾನೇ ಅಜ್ಜಿ. ಅದಕ್ಕೇ ಅಮ್ಮಂಗೆ ಗಾಳಿ ಸೋಕ್ತು. ಯಾರಿಗೂ ಹೇಳ್ಬೇಡ." ನಾನು ಬಾಯಿಗೆ ಬಂದಂತೆ ಗಾಳಿ ಗಾಳಿ ಎಂದದ್ದನ್ನು ಆರು ವರ್ಷದ ಕೂಸು ಚಳಿಗಾಲವೆಲ್ಲ ಹೊತ್ತುಕೊಂಡು ತಿರುಗಿದೆ. ತೊಡೆಯ ಮೇಲೆ ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ನಿನ್ನಿಂದಲ್ಲ, ನನ್ನಿಂದಲ್ಲ, ಅಮ್ಮನಿಂದಲೂ ಅಲ್ಲ ಎಂದೆ. ಎಲ್ಲ ಕೇಳಿಕೊಂಡು, ಹಾಗಾದರೆ ಅಮ್ಮ ಮುಂದಿನ ವಾರದ ಶನಿವಾರ ಬರುತ್ತಾಳಾ ಎಂದಳು.

ಈ ಬರುವ ಶನಿವಾರ ಒಂದು ದಿನ ಮನೆಗೆ ಹೋಗಿಬರಬಹುದು ಎಂದು ಡಾಕ್ಟರಮ್ಮ ಒಪ್ಪಿದ್ದಾರೆ. ಬೇಡ ಎನ್ನುತ್ತಿರುವವಳು ನೀನೇ. ನಾನಿಲ್ಲದಿದ್ದರೇ ನೀವು ನೆಮ್ಮದಿಯಾಗಿರುತ್ತೀರಿ ಎಂದೆಯಂತೆ ಓಗ್ನೆನ್‌ಗೆ. ಅವನು ಅದನ್ನು ಡಾಕ್ಟರಮ್ಮನಿಗೆ ಹೇಳಿದ್ದಾನೆ, ಸಿಟ್ಟಾಗಬೇಡ. ಆ ಯೋಚನೆ ಮತ್ತೆ ಬಂದರೆ ಒಬ್ಬಳೇ ಇಟ್ಟುಕೊಳ್ಳಬೇಡ, ತಕ್ಷಣ ಅವರಿಗೆ ಹೇಳು, ನರ್ಸ್‌ಗಾದರೂ ಹೇಳು. ಅದು ಕಾಯಿಲೆಯ ಮಾತು, ನಿನ್ನದಲ್ಲ. ಬಂದರೆ ನೀನು ಅಡುಗೆ ಮಾಡಬೇಕಿಲ್ಲ, ನಗಬೇಕಿಲ್ಲ, ಬಂದವರಿಗೆ ಕಾಫಿ ಕೊಡಬೇಕಿಲ್ಲ. ನೀನು ಮಲಗಿಕೋ, ನಾನು ಪಕ್ಕದಲ್ಲಿ ಕೂತು ಕಾಳು ಆರಿಸುತ್ತೇನೆ. ಸಾಕು ಎನಿಸಿದಾಗ ಓಗ್ನೆನ್ ವಾಪಸು ಬಿಟ್ಟುಬರುತ್ತಾನೆ.

ನಮ್ಮ ಮನೆಯನ್ನು ಕಾಯುವ ಸಂತ ನಿಕೋಲಾ ನಿನ್ನನ್ನೂ ಕಾಯಲಿ. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು. ಕಾಲಿಗೆ ಚಪ್ಪಲಿ ಹಾಕಿಕೋ, ನೆಲ ತಣ್ಣಗಿರುತ್ತದೆ. ಇಷ್ಟನ್ನಾದರೂ ಹೇಳಲು ಬಿಡು.

ನಿನ್ನ ಅತ್ತೆ,
ವಿದೋಸಾವಾ

ಮರೆತಿದ್ದೆ: ಅಡ್ಡಗಾಳಿ ಎಂದು ನಿಮಗೆ ಹೇಳಿಕೊಟ್ಟವರು ಯಾರು ಎಂದು ಡಾಕ್ಟರಮ್ಮ ಕೇಳಿದರು. ಮಗ ಪಕ್ಕದಲ್ಲಿದ್ದ, ಬಾಯಿ ಬರಲಿಲ್ಲ. ನಿನಗೆ ಹೇಳುತ್ತೇನೆ. ಓಗ್ನೆನ್ ಹುಟ್ಟಿದ ಚಳಿಗಾಲ ಗೋಡೆಯ ಕಡೆ ತಿರುಗಿ ಮಲಗಿದ ನಾನು ಎದ್ದದ್ದು ಚೆರ್ರಿ ಹೂವು ಉದುರಿದ ಮೇಲೆ. ಕೂಸು ಅಳುವುದು ಕೇಳುತ್ತಿತ್ತು, ಕೈ ಏಳುತ್ತಿರಲಿಲ್ಲ. ನಾನಿಲ್ಲದಿದ್ದರೇ ಇದಕ್ಕೆ ಒಳ್ಳೆಯದು ಎನಿಸುತ್ತಿತ್ತು, ನೀನು ಹೇಳಿದ ಹಾಗೇ. ನನ್ನ ಅತ್ತೆ ಅಡ್ಡಗಾಳಿ ಎಂದು ಕಿಟಕಿ ಮುಚ್ಚಿದರು. ಬೇರೆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಕೂಸು ಈಗ ಮಗಳಿಗೆ ವಾರೆ ಜಡೆ ಹೆಣೆಯುತ್ತಿದೆ. ನಾನಿಲ್ಲದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತೇ, ನೀನೇ ಹೇಳು. ಇದನ್ನು ಬರೆಯುವಾಗ ಬೀದಿಯ ಕಿಟಕಿ, ಹಿತ್ತಿಲ ಕಿಟಕಿ ಎರಡನ್ನೂ ತೆಗೆದಿಟ್ಟು ನಡುವೆ ಕೂತಿದ್ದೇನೆ. ದುನ್ಯಾ ಮಫ್ಲರ್ ಸುತ್ತಿಕೊಂಡು, ಅಜ್ಜಿಗೆ ಏನಾಗುತ್ತದೋ ಎಂದು ನನ್ನನ್ನೇ ನೋಡುತ್ತಿದ್ದಾಳೆ. ಇನ್ನೂ ಏನೂ ಆಗಿಲ್ಲ. ಶನಿವಾರ ಬಾ, ನೀನೇ ನೋಡುವೆಯಂತೆ.