ಅಂಗಳದ ಐದನೆಯ ಬೋರ್ಡು

ಅಲಬಾಮ, ಗುರುವಾರ ಬೆಳಿಗ್ಗೆ

ಮಾನ್ಯ ಕೋಚ್ ಹಾರ್ಲನ್ ಅವರಿಗೆ,

ನೀವು ಕೋಚಿಂಗ್ ಬಿಟ್ಟು ಕಾಲೇಜಿನ ಕ್ರೀಡಾ ನಿರ್ದೇಶಕರಾಗಿ ಹತ್ತು ವರ್ಷವಾದರೂ ಬಾಯಿಗೆ ಬರುವುದು ಕೋಚ್ ಅಂತಲೇ.

ಶನಿವಾರ ನನ್ನ ಗಂಡ ರಾಯ್ಸ್ ಈಗ ಕೋಚ್ ಆಗಿರುವ ಕಾಲೇಜಿನ ಫುಟ್‌ಬಾಲ್ ತಂಡ ಮತ್ತೆ ಸೋತಿತು. ಸೋತ ಕೋಚ್ ಊರು ಬಿಡಲಿ ಅಂತ, ಊರಿನ ವಾಡಿಕೆಯಂತೆ, ಅಭಿಮಾನಿಗಳು ನಮ್ಮ ಅಂಗಳದಲ್ಲಿ ‘ಮನೆ ಮಾರಾಟಕ್ಕಿದೆ’ ಬೋರ್ಡು ನೆಟ್ಟರು. ನಾನು ಅಳಲಿಲ್ಲ. ನೀವು ಸೋಲುತ್ತಿದ್ದ ಕಾಲದಲ್ಲಿ ನಿಮ್ಮ ಮನೆಯವರು, ಎಡಿತ್ ಅಕ್ಕ, ಇಂಥ ಬೋರ್ಡುಗಳನ್ನೆಲ್ಲ ಕಿತ್ತು ಟೊಮೇಟೊ ಗಿಡಕ್ಕೆ ಆಸರೆ ಕೊಡುತ್ತಿದ್ದರು. “ಸೋತ ವರ್ಷ ಟೊಮೇಟೊ ಚೆನ್ನಾಗಿ ಬರುತ್ತೆ ಕಣೇ ಕೋರಾ,” ಅನ್ನುತ್ತಿದ್ದರು.

ನಾಲ್ಕು ಬೋರ್ಡು ಕೈಯಲ್ಲಿ ಗೀಚಿದ್ದವು. ಇವತ್ತು ಬಂದ ಐದನೆಯದು ಅಚ್ಚು ಹಾಕಿಸಿದ್ದು, ಫೋನ್ ನಂಬರೂ ಇತ್ತು. ತಮಾಷೆಗೆ ಫೋನ್ ಮಾಡಿದೆ. ಆ ಕಡೆ ಮನೆ ಮಾರಿಸುವ ಕಂಪನಿಯ ಹೆಂಗಸು, “ಹೌದಮ್ಮ, ಕೋಚ್‌ಗೆ ಕೊಟ್ಟಿರೋ ಕಾಲೇಜಿನ ಮನೆ. ಡಿಸೆಂಬರಿಗೆ ಖಾಲಿಯಾಗುತ್ತೆ. ಕ್ರೀಡಾ ನಿರ್ದೇಶಕರೇ ಸೋಮವಾರ ಸಹಿ ಹಾಕಿದ್ರು. ನಮ್ಮವರು ಬೋರ್ಡು ಬೇಗ ನೆಟ್ಟುಬಿಟ್ರು,” ಅಂದಳು. ಥ್ಯಾಂಕ್ಸ್ ಹೇಳಿ ಇಟ್ಟೆ.

ಮಂಗಳವಾರ ನಮ್ಮಲ್ಲಿ ಊಟಕ್ಕೆ ಬಂದಿದ್ದಿರಿ. “ಹೆದರಬೇಡ ಕಣೋ ರಾಯ್ಸ್, ನಾನಿದ್ದೀನಿ,” ಅಂತ ಬೆನ್ನು ತಟ್ಟಿದಿರಿ. ಎರಡು ಸಲ ಬಡಿಸಿಕೊಂಡಿರಿ.

ರಾಯ್ಸ್‌ಗೆ ಏನೂ ಗೊತ್ತಿಲ್ಲ. ಈ ಬೋರ್ಡನ್ನೂ ನಗುತ್ತಾ ಕಿತ್ತು, ಗಿಡಕ್ಕೆ ಕಟ್ಟಿ, ತಂಡದ ಅಭ್ಯಾಸಕ್ಕೆ ಹೋದರು. ನಾಡಿದ್ದಿನ ಆಟಕ್ಕೆ ಮುಂಚೆ ನೀವೇ ಬಂದು ಹೇಳಿ. ನಾನು ಹೇಳಲಾರೆ.

ಬೋರ್ಡು ಹಿತ್ತಲಲ್ಲಿದೆ, ಬಿಚ್ಚಿಕೊಂಡು ಹೋಗಿ. ಗಿಡ ಮಾತ್ರ ಮುರಿಯದಂತೆ ನೋಡಿಕೊಳ್ಳಿ. ಅದು ಎಡಿತ್ ಅಕ್ಕ ಕೊಟ್ಟದ್ದು.

ನಿಮ್ಮ ಹಳೆಯ ಆಟಗಾರನ ಹೆಂಡತಿ,
ಕೋರಾ