ಸತ್ತ ಹುಳಕ್ಕೊಂದು ಎಲೆ

ಸೆಪ್ಟೆಂಬರ್ ೧೦, ಬೆಳಿಗ್ಗೆ

ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ, ಪೊರೆ ಕಳಚೋ ಮುಂಚಿನ ನಿದ್ದೆಗೆ, ಕೂತಿವೆ. ತಲೆ ಎತ್ತಿ, ಅಲ್ಲಾಡದೆ. ನಾಳೆ ಪೊರೆ ಬಿಟ್ಟು ಏಳೋವರೆಗೆ ಸೊಪ್ಪು ಹಾಕೋ ಹಾಗಿಲ್ಲ. ಕಾಲು ಚಾಚಿದೆ. ಎಂಬತ್ತೊಂದು ವರ್ಷದ ಮಂಡಿ, ಒಂದನ್ನು ಮಡಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತೆ.

ಈ ಕಣಿವೇಲಿ ಹುಳ ಸಾಕೋಳು ಈಗ ನಾನೊಬ್ಬಳೇ. ಈ ವರ್ಷದ ಕೊನೇ ಬೆಳೆ ಇದು. ಗೂಡಿಗಲ್ಲ, ಮೊಮ್ಮಗಳು ಚಿಗುಸಾಗೆ. ಟೋಕಿಯೋದಲ್ಲಿ ಓದ್ತಾಳೆ, ಹುಳದೊಳಗಿನ ರೇಷ್ಮೆ ಗ್ರಂಥಿ ಮೇಲೆ. ಅಲ್ಲಿ ಹುಳಕ್ಕೆ ಹಿಟ್ಟು ಕಲಸಿ ಹಾಕ್ತಾರಂತೆ, ಪಾಪ. ಸೊಪ್ಪು ತಿಂದ ಹುಳವೂ ಬೇಕಂತೆ ಅವಳಿಗೆ, ಹೋಲಿಸೋಕೆ. ಡಿಸೆಂಬರಿಗೆ ಬರೆದು ಕೊಟ್ಟರೆ ಪದವಿ. ಇದು ಕೆಟ್ಟರೆ ಮತ್ತೆ ಸೊಪ್ಪು ಚಿಗುರೋದು ಮೇ ತಿಂಗಳಿಗೆ.

ಪಕ್ಕದ ಮನೆ ಗೆನ್‌ಸಾನ್ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, "ಇನ್ನೂ ಇದ್ದೀರಾ ತೋಮೆಸಾನ್?" ಅಂದ.

"ನಿಮ್ಮ ತಿಥಿ ಊಟ ಮಾಡದೆ ಹೋಗ್ತೀನಾ?"

ಸೆಪ್ಟೆಂಬರ್ ೧೪

ದಿನಕ್ಕೆ ಐದು ಸಲ ಸೊಪ್ಪು. ಹುಳ ಮೇಯೋದು ಬಾಣಲೇಲಿ ಅಕ್ಕಿ ಹುರಿದಂಗೆ ಸದ್ದು. ಬೆನ್ನು ನನ್ನದಲ್ಲ.

ಚಿಗುಸಾ ಮಧ್ಯಾಹ್ನ ಬಂದಳು. ಸೊರಗಿದ್ದಾಳೆ. ಎರಡು ಬಟ್ಟಲು ಮಿಸೊ ಸಾರು ಕುಡಿದ ಮೇಲೆ ಮಾತು ಬಂತು.

"ಅಜ್ಜಿ, ನಾನು ತೆಗೆಯೋದು ಆರ್‌ಎನ್‌ಎ. ಒಂದಲ್ಲ, ಹಲವು ಥರ. ರೇಷ್ಮೆ ಮಾಡೋ ವಿಧಾನ ಬರೆದ ದೊಡ್ಡ ಪುಸ್ತಕ ಜೀವಕೋಶದ ಒಳಕೋಣೇಲಿ ಬೀಗ ಹಾಕಿರುತ್ತೆ. ಅದರ ಒಂದು ಪುಟ ನಕಲು ಮಾಡಿ ಹೊರಗೆ ತರೋದು ಒಂದು ಆರ್‌ಎನ್‌ಎ. ಚೀಟಿ ಅಂದ್ಕೋ. ಆ ಚೀಟಿ ಓದಿ ನೇಯೋ ಮಗ್ಗ ಇದೆ, ಅದರ ಮೈ ಬಹುಪಾಲು ಇನ್ನೊಂದು ಥರದ ಆರ್‌ಎನ್‌ಎ. ಮಗ್ಗಕ್ಕೆ ಸಾಮಾನು ಹೊತ್ತು ತರೋದು ಮತ್ತೊಂದು. ಒಂದೊಂದೂ ಒಂದೇ ಥರದ ಸಾಮಾನು ಹೊರುತ್ತೆ, ಬೇರೆ ಮುಟ್ಟಲ್ಲ."

"ಕೂಲಿಗೆ ಅಷ್ಟು ಡೌಲೇ!"

"ರೇಷ್ಮೆಗೆ ಮುಖ್ಯವಾಗಿ ಎರಡು ಮೂರು ಸಾಮಾನು ಸಾಕು. ಅದಕ್ಕೆ ಈ ವಾರ ಆ ಗ್ರಂಥೀಲಿ ಅವನ್ನ ಹೊರೋ ಕೂಲಿಗಳೇ ತುಂಬಿರ್ತಾರೆ."

ಇದು ಗೊತ್ತಾಯ್ತು. ನಾನು ಸೊಸೆಯಾಗಿ ಬಂದಾಗಲೂ ಹಾಗೇ. ಹುಳ ಹಣ್ಣಾಗಿ ಗೂಡಿಗೆ ಸಿದ್ಧವಾಗೋ ವಾರ ಮನೆ ತುಂಬ ಸೊಪ್ಪು ಹೊರೋರು. ಅನ್ನ ಬೇಯಿಸೋಕೆ ಒಬ್ಬಳು. ನಾನು.

"ಪುಟ್ಟ ಪುಟ್ಟವೂ ಇವೆ ಅಜ್ಜಿ. ಬೇಡದ ಚೀಟಿ ಹಿಡಿದು ಬಾಯಿ ಮುಚ್ಚಿಸ್ತವೆ."

"ನಮ್ಮತ್ತೆ" ಅಂದೆ. ಬಹಳ ದಿನದ ಮೇಲೆ ನಕ್ಕಳು.

ಆಮೇಲೆ ಹೇಳಿದಳು, "ಗ್ರಂಥಿ ಹಾಕಿಡೋ ಟ್ಯೂಬ್ ಮಾತ್ರ ಮುಟ್ಟಬೇಡ. ಆರ್‌ಎನ್‌ಎ ತಿಂದುಹಾಕೋ ವಸ್ತು ಮನುಷ್ಯರ ಕೈಮೇಲೇ ಇರುತ್ತೆ. ನನ್ನ ಕೈಮೇಲೂ. ಗ್ಲೌಸ್ ಹಾಕ್ಕೊಂಡೇ ಮುಟ್ಟೋದು ನಾನು."

ಅರವತ್ತು ವರ್ಷ ಹುಳ ಎತ್ತಿದ ಕೈ. ಹುಳ ಮನೇಲಿರೋವಾಗ ಅದಕ್ಕೆ ಆಗಲ್ಲ ಅಂತ ತಂಬಾಕಿನವರನ್ನ ಹೊಸಿಲು ದಾಟಿಸಿಲ್ಲ. ಈಗ ಈ ಕೈಗೆ ಮೈಲಿಗೆ. ಇರಲಿ.

ಸೆಪ್ಟೆಂಬರ್ ೧೭

ಅಡುಗೆಮನೆ ಮೇಜಿನ ಮೇಲೇ ಕೊಯ್ದಳು. ಬೆಳಿಗ್ಗೆ ಆರಕ್ಕೆ ಶುರು. ಒಂದು ಹುಳ, ಒಂದು ಟ್ಯೂಬ್. ಎಂಟೆಂಟರ ಆರು ಸಾಲು. ಎಲ್ಲ ಹೊಗೆಯಾಡೋ ಐಸಿನ ಪೆಟ್ಟಿಗೇಲಿ. ಗ್ರಂಥಿ ನೋಡಿದೆ... ಗಾಜಿನ ದಾರ ಸುತ್ತಿಟ್ಟಂಗೆ. ಅರವತ್ತು ವರ್ಷ ಸಾಕಿದ್ದೀನಿ, ಒಳಗೆ ನೋಡಿರಲಿಲ್ಲ.

ಉಂಡು, ಚಾಪೆ ಮೇಲೆ ಬಿದ್ದು ನಿದ್ದೆ ಹೋದಳು.

ಈ ಮನೇಲಿ ಯಾವ ಹುಳವೂ ಹಸಿದು ಹೋಗಿಲ್ಲ. ಸತ್ತರೆ ಮೇಲೊಂದು ಎಲೆ ಇಟ್ಟು ಕಳಿಸ್ತೀವಿ. ಇವು ಸೊಪ್ಪು ತಿಂತಾ ಇರೋವಾಗಲೇ ಹೋದವು. ಮೊದಲನೇ ಸಾಲಿನ ಎಂಟು ಟ್ಯೂಬ್ ತಟ್ಟೇಲಿಟ್ಟು, ಮುಚ್ಚಳ ತೆಗೆದು, ಉಗುರಷ್ಟು ಎಲೆ ಹರಿದು ಒಂದೊಂದಕ್ಕೆ ಹಾಕಿದೆ. ವಾಪಸ್ ಇಡೋವಾಗ ಐಸು ಬೆರಳು ಕಚ್ಚಿತು. ಬೊಕ್ಕೆ ಎದ್ದಿತು. ಎರಡನೇ ಸಾಲು ಮುಟ್ಟಲಿಲ್ಲ.

ಗ್ಲೌಸ್ ಹಾಕಿರಲಿಲ್ಲ. ನೆನಪಿತ್ತು. ಒಂದು ಎಲೆ ತಾನೇ ಅಂದ್ಕೊಂಡೆ.

ಸಂಜೆ ಬಸ್ಸಿಗೆ ಹೋದಳು. ಬೆರಳು ಜೇಬಲ್ಲಿ ಇಟ್ಕೊಂಡೇ ಕಳಿಸಿದೆ.

ಸೆಪ್ಟೆಂಬರ್ ೨೯

ತಟ್ಟೆ ತೊಳೆದಾಯ್ತು. ಉಳಿದ ಹುಳ ಗೂಡು ಕಟ್ಟಿದವು. ಬರೆಯೋಕೆ ಏನೂ ಇರಲಿಲ್ಲ.

ಇವತ್ತು ಫೋನ್. ಮೊದಲನೇ ಸಾಲಿಂದ ನಾಲ್ಕು ನೋಡಿದ್ದಾಳೆ. ಪರೀಕ್ಷೆ ಚಿತ್ರದಲ್ಲಿ ಗೆರೆ ಗೆರೆಯಾಗಿ ಬರಬೇಕಾದ್ದು ಮಸಿ ಒರೆಸಿದಂಗೆ ಬಂದಿದೆಯಂತೆ. ಚೀಟಿ, ಮಗ್ಗ, ಎಲ್ಲ ಚೂರು ಚೂರು.

"ಏನೋ ಹಸಿರು ಸೇರಿದೆ ಅಜ್ಜಿ. ಕೊಯ್ಯೋವಾಗ ಹುಳದ ಕರುಳು ಹರಿದಿದ್ದೀನಿ ಅನ್ಸುತ್ತೆ. ನನ್ನ ಕೈಗುಣವೇ ಸರಿಯಿಲ್ಲ. ಎಲ್ಲ ಹಾಗೇ ಕೊಯ್ದಿರ್ತೀನಿ ಬಿಡು."

ಅಳಲಿಲ್ಲ. ದುಃಖಕ್ಕೆ ಅಳೋಳಲ್ಲ ಇವಳು. ಅವರಮ್ಮ ತೀರಿದಾಗಲೂ ಕಣ್ಣಲ್ಲಿ ಹನಿ ಇರಲಿಲ್ಲ. ಕಾಲೇಜಲ್ಲಿ ಸೀಟು ಸಿಕ್ಕಿದ ದಿನ ಗೊಳೋ ಅಂತ ಅತ್ತಿದ್ದಳು, ಇದೇ ಅಂಗಳದಲ್ಲಿ.

"ಹೂಂ" ಅಂದೆ.

ಅಕ್ಟೋಬರ್ ೧

ಊಟ ಸೇರಲಿಲ್ಲ. ಗೆನ್‌ಸಾನ್ ಬಂದ, "ಏನು, ಬಾಯಿಗೆ ಬೀಗ?" ಅಂದ. ಬಯ್ಯೋಕೂ ಬೇಜಾರು.

ಅಕ್ಟೋಬರ್ ೨, ಮಧ್ಯಾಹ್ನ

ಮತ್ತೆ ಫೋನ್. ಕೆಟ್ಟ ಕಾರಣ ಗೊತ್ತಿಲ್ಲದಿದ್ದರೆ ಉಳಿದ ಐದು ಸಾಲನ್ನೂ ನಂಬೋ ಹಾಗಿಲ್ಲ, ಎಸೆದುಬಿಡು ಅಂದರಂತೆ ಮೇಷ್ಟ್ರು. ಇದೆಲ್ಲ ತನ್ನ ಕೈಗೆ ಹತ್ತೋದಲ್ಲ, ಓದು ಬಿಡ್ತೀನಿ ಅಂದಳು. ಊಟಕ್ಕೇನು ಅಂತ ಕೇಳೋ ದನಿಯಲ್ಲಿ.

ಹೇಳಿಬಿಟ್ಟೆ.

"ನಿನ್ನ ಕೈಯಲ್ಲ. ನಂದು. ಮೊದಲನೇ ಸಾಲು, ಎಂಟು. ಎಲೆ ಹಾಕಿದೆ. ಬರಿಗೈಯಲ್ಲಿ. ಎರಡನೇ ಸಾಲಿಂದ ಮುಟ್ಟಿಲ್ಲ. ಆವತ್ತೇ ಬರೆದಿಟ್ಟಿದ್ದೀನಿ, ಬೇಕಾದರೆ ನಿನ್ನ ಮೇಷ್ಟ್ರಿಗೆ ಓದಿ ಹೇಳ್ತೀನಿ."

ಗಡಿಯಾರ ಕೇಳಿಸ್ತಿತ್ತು, ಅವಳದೋ ನಮ್ಮದೋ.

"ಯಾಕೆ ಎರಡನೇ ಸಾಲಿಗೆ ನಿಲ್ಲಿಸಿದೆ?"

"ಐಸು ಕಚ್ಚಿತು."

ಬಯ್ಯಲಿ ಅಂತ ಕಾದೆ. ಬೈದಿದ್ದರೆ ಹಗುರ ಆಗ್ತಿತ್ತು.

"ಬೆರಳು ಹೇಗಿದೆ ಅಜ್ಜಿ?" ಅಂದಳು.

"ಇದೆ" ಅಂದೆ. ಫೋನ್ ಇಟ್ಟೆ. ಆಮೇಲೆ ಎಷ್ಟೋ ಹೊತ್ತು ಒಲೆ ಮುಂದೆ ಸುಮ್ಮನೆ ಕೂತಿದ್ದೆ, ಒಲೆ ಹಚ್ಚದೆ.

ಅಕ್ಟೋಬರ್ ೬

ಇವತ್ತು ಉಳಿದ ಸಾಲು ನೋಡ್ತಾಳೆ. ಮೇಷ್ಟ್ರು ಒಪ್ಪಿದ್ದಾರೆ. ನಿಮ್ಮಜ್ಜಿಗೊಂದು ಜೊತೆ ಗ್ಲೌಸ್ ಕಳಿಸು ಅಂದರಂತೆ. ಕಳಿಸಲಿ. ಪಾತ್ರೆ ತೊಳೀತೀನಿ.

ಗುಡ್ಡದ ಮೇಲೆ, ಸತ್ತ ಹುಳಗಳ ನೆನಪಿಗೆ ನೆಟ್ಟ ಕಲ್ಲಿನ ಹತ್ತಿರ ಹೋಗಿ ಬಂದೆ. ನಲವತ್ತು ಎಲೆ ಇಟ್ಟೆ, ಬಾಕಿ ಇದ್ದಿದ್ದು. ಇಡಬೇಕಾದ ಜಾಗ ಅದೇ ಆಗಿತ್ತು. ಇಳಿಯೋವಾಗ ಮಂಡಿ ಶಾಪ ಹಾಕಿತು.

ಮೂರು ಗಂಟೆ

ಫೋನ್ ಕಿವಿಗಿಟ್ಕೊಂಡೇ ಬರೀತಿದ್ದೀನಿ. ಓದಿ ಹೇಳ್ತಿದ್ದಾಳೆ. ಎರಡನೇ ಸಾಲು, ಗೆರೆ ಸರಿ. ಮೂರು, ಸರಿ. ನಾಲ್ಕು, ಸರಿ. ಐದು... ಸರಿ. ಆರನೇದು ಅಂದಳು, ಆಮೇಲೆ ಮಾತೇ ಇಲ್ಲ. ಏನೇ ಅದು? ಚಿಗುಸಾ? ಗೊಳೋ ಅಂತ ಅಳ್ತಿದೆಯಲ್ಲ ಕತ್ತೆ, ನಾನು ಇಲ್ಲಿ ಪೆನ್ನು ಹಿಡ್ಕೊಂಡು ಏನಂತ