ಮುಕ್ಕಾಲು ವ್ಯಾನಿನ ಅಡುಗೆಮನೆ

ಮನೆಯಿಂದ
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಬಲಗೈ ಮಣಿಕಟ್ಟಿನ ನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ ಅಥವಾ ಅದರಲ್ಲಿ ಗ್ರೀಸ್ ಒರೆಸುತ್ತಿದ್ದೀಯೋ? ಅಮ್ಮ ದಿನಕ್ಕೆರಡು ಸಲ ನನ್ನನ್ನು ಕೇಳುತ್ತಾಳೆ, ನಿನ್ನ ಕೈ ನನ್ನ ಹತ್ತಿರವೇ ಇದೆ ಎನ್ನುವ ಹಾಗೆ. ಅಪ್ಪನ ಬಿಪಿ ಹದದಲ್ಲಿದೆ, ಮಂಡಿ ಮಾತ್ರ ಮಾತು ಕೇಳುತ್ತಿಲ್ಲ. ಅಮ್ಮ ಚೆನ್ನಾಗಿದ್ದಾಳೆ; ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಜೊತೆ ಜಗಳಕ್ಕೆ ನಿಲ್ಲುವಷ್ಟು ಚೆನ್ನಾಗಿದ್ದಾಳೆ. ನನ್ನದು ಎಂದಿನಂತೆ. ಎಂಟನೇ ತರಗತಿಯ ಭೂಗೋಳದ ಉತ್ತರಪತ್ರಿಕೆಗಳು ಮೇಜಿನ ಮೇಲೆ ರಾಶಿ ಬಿದ್ದಿವೆ, ಅವುಗಳ ಮೇಲೆ ನಮ್ಮ ಹೊಸ ಮನೆಗೆ ನೀನು ಬರೆದ ಏಳನೆಯ ನಕ್ಷೆ ಬಿದ್ದಿದೆ, ಅದರ ಮೇಲೆ ಅಪ್ಪನ ಕನ್ನಡಕ. ಫೋನಿನಲ್ಲಿ ಮಾತಾಡಿದರೆ ನಾವು ಅಲ್ಲಿ ಬರುವ ನಿನ್ನ ವರ್ಕ್‌ಶಾಪಿನ ಕಂಪ್ರೆಸರ್ ದಾಟಿ ಮುಂದೆ ಹೋಗುವುದೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಡುವೆ ಬಾಯಿ ಹಾಕಲು ನಿನಗೆ ಅವಕಾಶವಿಲ್ಲ ಎನ್ನುವುದೂ ಒಂದು ಕಾರಣ, ಒಪ್ಪಿಕೊಳ್ಳುತ್ತೇನೆ.

ಮೇಸ್ತ್ರಿ ಮುಂದಿನ ಒಂದನೇ ತಾರೀಕು ಸೈಟಿಗೆ ಬರುತ್ತಾನೆ. ಮೊದಲ ದಿನವೇ ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ ತೋಡುತ್ತಾನೆ, ಆಮೇಲೆ ಪಾಯ. ಒಮ್ಮೆ ಕಾಂಕ್ರೀಟು ಬಿತ್ತೆಂದರೆ ಮುಗಿಯಿತು. ಜಾಗ ಸಿಕ್ಕವರಿಗೆ ಸಿಕ್ಕಿತು, ಸಿಗದವರಿಗೆ ಇಲ್ಲ. ಇದನ್ನು ನಾನು ಎಲ್ಲರಿಗೂ ಒಂದು ತಿಂಗಳಿಂದ ಹೇಳುತ್ತಿದ್ದೇನೆ. ಎಲ್ಲರೂ ತಲೆಯಾಡಿಸಿ, ಹೋಗಿ ಒಂದು ಗೋಡೆ ಸರಿಸಿ ಬರುತ್ತಾರೆ.

ಸರಿಸುವುದು ಎಂದರೆ ನಿಜವಾಗಿಯೂ ಸರಿಸುವುದು. ಅಪ್ಪನಿಗೆ ಕಾಗದದ ಮೇಲೆ ನಂಬಿಕೆಯಿಲ್ಲ, ನಿನಗೆ ಗೊತ್ತು. "ಕಾಗದ ಸುಳ್ಳು ಹೇಳತ್ತೆ, ಗಾಡಿ ಹೇಳಲ್ಲ" ಎಂದು ಸುಣ್ಣದ ಪುಡಿಯಲ್ಲಿ ಸೈಟಿನ ನೆಲದ ಮೇಲೆ ಇಡೀ ಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಬರೆದಿದ್ದಾರೆ. ಹಳೆಯ ವ್ಯಾನನ್ನು ತಳ್ಳಿಸಿ ತಂದು ವರ್ಕ್‌ಶಾಪಿನ ಜಾಗದಲ್ಲಿ ನಿಲ್ಲಿಸಿದ್ದಾರೆ. ಅಮ್ಮ ಒಂದು ಸ್ಟೂಲು ಹಾಕಿಕೊಂಡು ಅಡುಗೆಮನೆಯ ಗೆರೆಗಳ ನಡುವೆ ಕುಳಿತು ತರಕಾರಿ ಹೆಚ್ಚುತ್ತಾಳೆ. ಎದ್ದರೆ ಯಾರಾದರೂ ಜಾಗ ಹೊಡೆದುಕೊಳ್ಳುತ್ತಾರೆಂಬ ಅನುಮಾನ ಅವಳಿಗೆ. ಅನುಮಾನ ಸುಳ್ಳೂ ಅಲ್ಲ. ಅಪ್ಪ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅಡುಗೆಮನೆಯ ಗೆರೆಯನ್ನು ಕಾಲಿನಿಂದ ಒರೆಸಿ ಒಂದು ಗೇಣು ಒಳಗೆ ಎಳೆಯುತ್ತಾರೆ. ಸಂಜೆ ಅಮ್ಮ ಹೋಗಿ ಒಂದೂವರೆ ಗೇಣು ಹೊರಗೆ ಎಳೆಯುತ್ತಾಳೆ. ಪಕ್ಕದ ಟೈಲರ್ ಬಂದು "ಮೇಡಂ, ಇದೇನು ಆಟದ ಮೈದಾನಾನಾ?" ಎಂದು ಕೇಳಿದ. ಹೌದು ಎಂದೆ.

ನಿನ್ನ ನಾಲ್ಕನೆಯ ನಕ್ಷೆಯನ್ನು ನೀನು ಯಾವ ಧ್ಯಾನದಲ್ಲಿ ಬರೆದೆಯೋ ಕಾಣೆ. ಬಚ್ಚಲಿಗೆ ಹೋಗಬೇಕಾದರೆ ಗುಂಡಿಯ ಮೇಲೆ ಹಲಗೆ ಹಾಕಿಕೊಂಡು ದಾಟಬೇಕಿತ್ತು. ಅಮ್ಮ ಅದನ್ನು ಸುಣ್ಣದ ಗೆರೆಯಲ್ಲೇ ಒಮ್ಮೆ ನಡೆದು ನೋಡಿ, "ಸ್ನಾನಕ್ಕೆ ಹೋಗೋಕೆ ಸರ್ಕಸ್ ಕಲೀಬೇಕಾ ನಾನು? ದೊಡ್ಡೋಳಿಗೆ ಬರಿ, ಅವಳಮ್ಮಂಗೆ ಅರವತ್ತೊಂಬತ್ತು ಅಂತ" ಎಂದಳು. ಬರೆದೆ. ಐದನೆಯದರಲ್ಲಿ ಬಚ್ಚಲು ಸರಿಹೋಯಿತು, ಆದರೆ ಬ್ಯಾಟರಿ ಚಾರ್ಜ್ ಮಾಡುವ ಜಾಗ ಅಪ್ಪನ ಮಂಚದ ತಲೆದಿಸೆಗೆ ಬಂತು. ಅಪ್ಪನಿಗೆ ಅದೇ ಇಷ್ಟವಾಯಿತು ಎನ್ನುವುದು ಬೇರೆ ಮಾತು. ಮಂಚದ ಪಕ್ಕದ ಗೋಡೆಗೆ ಕಿಟಕಿ ಇರಲೇಬೇಕಂತೆ, ಅದು ವರ್ಕ್‌ಶಾಪಿನ ಕಡೆಗೇ ತೆರೆಯಬೇಕಂತೆ. "ಎದ್ದು ಬರಲ್ಲ, ಆಯ್ತಾ? ಶಬ್ದ ಕೇಳಿದ್ರೆ ಸಾಕು, ಏನು ಕೆಟ್ಟಿದೆ ಅಂತ ಮಲಗೇ ಹೇಳ್ತೀನಿ." ಅದಕ್ಕೆ ಅಮ್ಮ, "ನಲವತ್ತು ವರ್ಷದಿಂದ ಮಲಗೇ ಹೇಳ್ತಿದ್ದೀರಿ" ಎಂದಳು. ಇದು ಅನ್ಯಾಯದ ಮಾತು. ಅಪ್ಪ ಎದ್ದು ದುಡಿದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಆದರೂ ನಾನು ನಕ್ಕೆ, ಈಗ ಬೇಸರವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು. ಎರಡನೆಯ ನಕ್ಷೆಯ ಕಾಲಕ್ಕೆ, ನಾನು ಹಾಕಿದ ಅಡಿಗಳನ್ನು ನೋಡಿ ನೀನು ಒಂದು ಪತ್ರ ಬರೆದಿದ್ದೆ: "ನನ್ನ ವರ್ಕ್‌ಶಾಪಿನ ಏಳೂವರೆ ಅಡಿ ಯಾರು ನುಂಗಿದ್ದು?" ಆವತ್ತಿನಿಂದ ಈ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕಳ್ಳರ ಹಾಗೆ ನೋಡಿದ್ದೇವೆ. ಅಪ್ಪ ಅಮ್ಮನ ಮೇಲೆ ಹೇಳಿದರು. ಅಮ್ಮ ನನ್ನ ಟೇಪಿನ ಮೇಲೆ ಹೇಳಿದಳು. ನಾನು ಟೇಪು ಹಿಡಿದು ಮೂರು ಸಲ ಅಳೆದೆ, ಮೂರು ಸಲವೂ ಮೂವತ್ತು ಅಡಿಯೇ ಬಂತು. ನಿನಗೆ ಬೇಕಾದದ್ದು ಮೂವತ್ತೇಳೂವರೆ. ತಪ್ಪು ಎಲ್ಲಿದೆ ಎಂದು ತಿಳಿಯದೆ, ನನ್ನ ಲೆಕ್ಕದ ಮೇಲೆ ನನಗೇ ಅನುಮಾನ ಬಂದು, ಮೂರನೆಯ ನಕ್ಷೆಯಲ್ಲಿ ಆ ಏಳೂವರೆ ಅಡಿಯನ್ನು ಹಿಂದಿನ ಕೋಣೆಯಿಂದ ಕತ್ತರಿಸಿ ನಿನಗೆ ಕೊಟ್ಟೆವು. ಜಗಳ ನಿಂತಿತು.

ಮೊನ್ನೆ ನೀನು ಕಳಿಸಿದ ಫೋಟೋ ಬಂತು. ಡಿಪೋದ ವ್ಯಾನಿಗೆ ಒರಗಿ ನಿಂತಿದ್ದೀಯ, ಚೆನ್ನಾಗಿ ಕಾಣುತ್ತೀಯ, ಕೂದಲು ಗಿಡ್ಡ ಮಾಡಿಸಿದ್ದು ಒಪ್ಪುತ್ತದೆ. ಆದರೆ ಅಕ್ಕಾ, ಆ ವ್ಯಾನಿಗೆ ಮೂರು ಕಿಟಕಿ. ನಮ್ಮ ವ್ಯಾನಿಗೆ ಎರಡು. ಫೋಟೋ ಹಿಡಿದುಕೊಂಡು ಸೈಟಿಗೆ ಹೋದೆ, ಅಪ್ಪನ ವ್ಯಾನನ್ನು ಅಳೆದೆ: ಹನ್ನೆರಡು ಅಡಿ. ನಿನ್ನ ಡಿಪೋಗೆ ಫೋನ್ ಮಾಡಿ ಗೇಟಿನವರನ್ನು ಕೇಳಿದೆ: ಹದಿನೈದು. ನನ್ನ ಟೇಪನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಅಡಿ, ಮೀಟರು ಎಂದೂ ನಡೆದದ್ದಿಲ್ಲವಲ್ಲ. ಸೋಫಾ ಅರ್ಧ ವ್ಯಾನು, ಹಾಲ್ ಒಂದು ವ್ಯಾನು, ಅಮ್ಮನ ಅಡುಗೆಮನೆ ಮುಕ್ಕಾಲು ವ್ಯಾನು. ನೀನು ಎರಡೂವರೆ ವ್ಯಾನು ಎಂದು ಬರೆದೆ, ಅಪ್ಪ ಎರಡೂವರೆ ವ್ಯಾನು ಸುಣ್ಣ ಹಾಕಿದರು, ಇಬ್ಬರೂ ಸರಿ. ಎರಡು ತಿಂಗಳು ಇಬ್ಬರು ಮೆಕ್ಯಾನಿಕ್ಕುಗಳು ಬೇರೆ ಬೇರೆ ವ್ಯಾನು ಹಿಡಿದುಕೊಂಡು ಒಂದೇ ಮನೆ ಅಳೆದಿದ್ದೀರಿ. ಇದನ್ನು ಅಪ್ಪನಿಗೆ ಹೇಳಿದರೆ ಅವರು "ಉದ್ದ ಬಾಡಿ ವ್ಯಾನು ಬಂತಾ ಅವಳಿಗೆ? ಹೇಳೇ ಇಲ್ಲ ನೋಡು" ಎಂದು ಸಂತೋಷಪಟ್ಟರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಗೋಡೆ ಇನ್ನೂ ಕಟ್ಟಿಲ್ಲ.

ನಿನ್ನೆ ಅಪ್ಪ ಎಲ್ಲರಿಗೂ ಅವರವರ ಜಾಗದಲ್ಲಿ ನಿಲ್ಲಲು ಹೇಳಿದರು, ಕೊನೆಯ ಸಲ ನೋಡಿಬಿಡೋಣ ಎಂದು. ಅಮ್ಮ ಅಡುಗೆಮನೆಯಲ್ಲಿ ನಿಂತಳು. ಅಪ್ಪ ಮಂಚದ ಜಾಗದಲ್ಲಿ ಕುರ್ಚಿ ಹಾಕಿ ಕುಳಿತು ಇಲ್ಲದ ಕಿಟಕಿಯಿಂದ ನೋಡಿದರು. ನಿನ್ನ ಮಹಡಿಯ ಕೋಣೆಯ ಲೆಕ್ಕಕ್ಕೆ ಮೆಟ್ಟಿಲಿನ ಹತ್ತಿರ ಒಂದು ಇಟ್ಟಿಗೆ ಇಟ್ಟರು. ಸಿಟ್ಟಾಗಬೇಡ, ಇಟ್ಟಿಗೆ ಗಟ್ಟಿಯಾಗಿತ್ತು. ಕಂಪ್ರೆಸರಿಗೆ ಗಾಳಿಯಾಡುವ ಪ್ರತ್ಯೇಕ ಗೂಡು ಸಿಕ್ಕಿದೆ. ನಾನು ಟೇಪು ಹಿಡಿದುಕೊಂಡು ಹಿಂದಿನ ಕೋಣೆಗೆ ಹೋಗಿ ನಿಂತೆ. ನಾಲ್ಕೂವರೆ ಅಡಿ ಅಗಲ. "ಅಲ್ಲಿ ಯಾಕೆ ನಿಂತಿದ್ದೀಯ, ಅದು ಬಿಡಿಭಾಗದ ಕೋಣೆ ಅಲ್ವಾ?" ಎಂದರು ಅಪ್ಪ. ಅಮ್ಮ ಹೆಚ್ಚುತ್ತಿದ್ದ ಬೀನ್ಸಿನಿಂದ ತಲೆ ಎತ್ತದೆ, "ಚಿಕ್ಕೋಳಿಗೇನು, ನನ್ನ ಜೊತೆ ಹಾಲಲ್ಲಿ ಮಲಗ್ತಾಳೆ" ಎಂದಳು. ಯಾರ ದನಿಯಲ್ಲೂ ಕೆಟ್ಟದ್ದೇನೂ ಇರಲಿಲ್ಲ. ಅದೇ ನನಗೆ ಕಷ್ಟವಾದದ್ದು.

ಮನೆಗೆ ಬಂದು ಏಳೂ ನಕ್ಷೆಗಳನ್ನು ಸಾಲಾಗಿ ಹರಡಿ ನೋಡಿದೆ. ನೀನು ಕಳಿಸುವ ಗೀಚುಗಳನ್ನು ಅಂದವಾಗಿ ಗ್ರಾಫ್ ಹಾಳೆಗೆ ಇಳಿಸುವವಳು ನಾನೇ ತಾನೇ. ಮೊದಲನೆಯದರಲ್ಲಿ ಆ ಹಿಂದಿನ ಕೋಣೆಗೆ ನನ್ನ ಹೆಸರಿದೆ. ಮೂರನೆಯದರಲ್ಲಿ ಹೆಸರಿನ ಪಕ್ಕ ಒಂದು ಗೆರೆ ಎಳೆದು "ಬಿಡಿಭಾಗ" ಎಂದಿದೆ. ಐದರಿಂದ ಬರೀ "ಬಿಡಿಭಾಗ". ಅಕ್ಷರ ನನ್ನದೇ, ದುಂಡಗೆ, ಸ್ಕೇಲಿಟ್ಟು ಬರೆದದ್ದು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಹಾಗಿದ್ದ ಮೇಲೆ ಸಿಟ್ಟು ಯಾರ ಮೇಲೆ ಮಾಡಲಿ? ನಿನ್ನೆ ರಾತ್ರಿ ಊಟದ ಹೊತ್ತಿಗೆ ನಿನ್ನ ಮೇಲಿತ್ತು. ಈಗ ಅರ್ಧಕ್ಕರ್ಧ ನನ್ನ ಮೇಲಿದೆ. ನಿನ್ನನ್ನು ಅಪ್ಪ ಗ್ಯಾರೇಜಿಗೆ ಕರೆದುಕೊಂಡು ಹೋದರು, ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದರು, ಆವತ್ತಿನಿಂದ ಈ ಮನೆಯ ಅರ್ಜಿ, ಪತ್ರ, ನಕ್ಷೆ ಎಲ್ಲ ನನ್ನ ಪಾಲು. ಬರೆಯುವವಳನ್ನು ಪಟ್ಟಿಯಲ್ಲಿ ಸೇರಿಸಬೇಕೆಂದು ಬರೆಯುವವಳಿಗೇ ಹೊಳೆಯದಿದ್ದರೆ ಮಿಕ್ಕವರಿಗೆ ಹೊಳೆಯಬೇಕೇ? ಹೊಳೆಯಬೇಕಿತ್ತು ಎಂದು ಒಂದು ಗಳಿಗೆ ಅನ್ನಿಸುತ್ತದೆ, ಮರುಗಳಿಗೆ ಇಲ್ಲ ಅನ್ನಿಸುತ್ತದೆ.

ಇರಲಿ. ಅಲ್ಲಿಂದ ಇಲ್ಲಿಗೆ ಸಾಮಾನು ಸಾಗಿಸುವಾಗ ಭಾರ ಎತ್ತಬೇಡ, ಮಣಿಕಟ್ಟು ನೋಡಿಕೋ. ಅಪ್ಪ ಅಮ್ಮನ ಆಶೀರ್ವಾದ ಇದರ ಜೊತೆ ಬರುತ್ತಿದೆ, ಇಬ್ಬರದೂ ಬೇರೆ ಬೇರೆ, ಯಾಕೆಂದರೆ ಇವತ್ತು ಇಬ್ಬರಿಗೂ ಮಾತಿಲ್ಲ. ಗೇಟಿನವರಿಗೆ ನನ್ನ ವಂದನೆ ಹೇಳು; ಫೋನ್ ಇಟ್ಟು, ಬಿಸಿಲಿಗೆ ಹೋಗಿ ಅಳೆದು ಬಂದು ಹೇಳಿದರು, ಪಾಪ.

ನಿನ್ನ
ತಂಗಿ

ಮರೆಯುವ ಮುಂಚೆ, ಲಕೋಟೆ ಅಂಟಿಸುವ ಮೊದಲು: ಇದರ ಜೊತೆ ಎಂಟನೆಯ ನಕ್ಷೆ ಇದೆ. ಇದನ್ನು ಯಾರನ್ನೂ ಕೇಳದೆ ಬರೆದಿದ್ದೇನೆ. ವರ್ಕ್‌ಶಾಪು ಮೂವತ್ತು ಅಡಿ, ಬಿಡಿಭಾಗ ಮೆಟ್ಟಿಲಿನ ಕೆಳಗೆ, ಹಿಂದೆ ಹನ್ನೆರಡು ಅಡಿಯ ಕೋಣೆ. ಉದ್ದನೆಯ ಗಾಡಿ ಬಂದ ದಿನ ಇನ್ನೊಂದು ಗಾಡಿ ಹೊರಗೆ ತಗಡಿನ ಕೆಳಗೆ ನಿಲ್ಲಬೇಕಾಗುತ್ತದೆ. ನಿನಗೆ ತೊಂದರೆ ಎಂದು ಗೊತ್ತು, ಗೊತ್ತಿದ್ದೇ ಬರೆದಿದ್ದೇನೆ. ಗಾಡಿಗೆ ಹೊರಗೆ ನಿಂತು ಅಭ್ಯಾಸವಿದೆ. ಬೆಳಿಗ್ಗೆ ಮೇಸ್ತ್ರಿಗೆ ಒಂದು ಪ್ರತಿ ಕೊಟ್ಟೂ ಬಂದೆ. ಅವನು ಬೆರಳಿಟ್ಟು ಒಂದೊಂದೇ ಕೋಣೆ ಓದುತ್ತಾ ಹೋಗಿ, "ಇದು ಯಾರ ರೂಮು ಮೇಡಂ? ಏನೂ ಬರ್ದೇ ಇಲ್ವಲ್ಲ" ಎಂದ. ನೋಡಿದರೆ ಹೌದು, ಎಲ್ಲಕ್ಕೂ ಹೆಸರು ಬರೆದು ಅದೊಂದನ್ನು ಖಾಲಿ ಬಿಟ್ಟಿದ್ದೆ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಕೊಟ್ಟ, ಅಲ್ಲೇ ನಿಂತು ಬರೆದೆ. ನಿನ್ನ ಪ್ರತಿಯಲ್ಲಿ ಇಂಕಿನಲ್ಲಿ ಬರೆದಿದ್ದೇನೆ.